ಅತ್ತೆಯ ಮೊಟ್ಟೆ ಭೂಗೋಳ

ಜರ್ಮನಿ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ಕಾರು ತಾನೆ? ಗ್ರೀಸ್ ಅಂದರೆ? ಒಲಿಂಪಿಕ್ಸು. ನಮ್ಮ ಅತ್ತೆಯನ್ನು ಕೇಳಿ ನೋಡಿ. ಜರ್ಮನಿ ಅಂದರೆ ಮರಕ್ಕೆ ನೇತುಹಾಕಿದ ಮೊಟ್ಟೆ, ಗ್ರೀಸ್ ಅಂದರೆ ಕೆಂಪು ಮೊಟ್ಟೆ, ಉಕ್ರೇನ್ ಅಂದರೆ ಮೇಣದಲ್ಲಿ ಚಿತ್ತಾರ ಬರೆದ ಮೊಟ್ಟೆ, ಫ್ರಾನ್ಸ್ ಅಂದರೆ ರೋಮಿಗೆ ಹೋಗಿ ಬರುವ ಚರ್ಚಿನ ಗಂಟೆಗಳು ದಾರಿಯಲ್ಲಿ ಉದುರಿಸುವ ಮೊಟ್ಟೆ! ಇಡೀ ಯೂರೋಪು ಅವರಿಗೆ ಒಂದು ಟ್ರೇಯಲ್ಲಿ ಹಿಡಿಸುತ್ತದೆ. ಇಷ್ಟೆಲ್ಲ ತಿಳಿದ ಈ ಮಹಾತಾಯಿ ಹುಟ್ಟಿದಾಗಿನಿಂದ ಇಂದಿನವರೆಗೆ ಒಂದೇ ಒಂದು ಮೊಟ್ಟೆ ತಿಂದವರಲ್ಲ. ಮುಟ್ಟಬೇಕಾದರೂ ಕೈಗೆ ಹಾಲಿನ ಕವರು ಸುತ್ತಿಕೊಳ್ಳುತ್ತಾರೆ.

ಅತ್ತೆ ನನ್ನ ಅಪ್ಪನ ತಂಗಿ. ಹಲಸೂರಿನ ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನು ಜೋರಾಗಿ ಹೇಳಿದರೂ ಅಜ್ಜಿ ಬಾಯಿ ತೊಳೆಸುತ್ತಿದ್ದ ಕಾಲದಲ್ಲಿ, ಇವರು ಮರ್ಫಿ ಟೌನಿನ ತಮಿಳು ಕ್ರೈಸ್ತರ ಹುಡುಗನನ್ನು ಮೆಚ್ಚಿ ಮದುವೆಯಾದರು. ಹಾಕಿದ ಷರತ್ತು ಒಂದೇ. ಇಬ್ಬರ ದೇವರೂ ಮನೆಯಲ್ಲಿರಲಿ, ಮೊಟ್ಟೆ ಮಾತ್ರ ಹೊಸ್ತಿಲಿನ ಆಚೆ. ಮಾವ ಒಪ್ಪಿದರು. ಇಷ್ಟು ವರ್ಷವೂ ವರಾಂಡದಲ್ಲಿ ಪುಟ್ಟ ಸ್ಟೌ ಹಚ್ಚಿ, ಆಮ್ಲೆಟ್ ಮಾಡಿಕೊಂಡು, ಅಲ್ಲೇ ನಿಂತು ತಿಂದು, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದರು. ಮಳೆ ಬಂದರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಆಮ್ಲೆಟ್. ಸಂಸಾರ ಅಂದರೆ ಇದಲ್ಲವೇ!

ಹಾಗಾದರೆ ಈ ಅತ್ತೆಗೆ ಮೊಟ್ಟೆಯ ಹುಚ್ಚು ಯಾಕೆ ಹತ್ತಿತು ಅಂತೀರಾ? ಮಾವನ ಬಲಗೈಯಿಂದ.

ಮಾವ ಶಿವಾಜಿನಗರದ ಕಡೆಯ ಒಂದು ಬೇಕರಿಯಲ್ಲಿ ಐಸಿಂಗ್ ಕೆಲಸ ಮಾಡುತ್ತಿದ್ದರು. ಈಸ್ಟರ್ ಬಂತೆಂದರೆ ಸಕ್ಕರೆ ಮೊಟ್ಟೆಗಳ ಮೇಲೆ ಹೂವು, ಎಲೆ, ಮಕ್ಕಳ ಹೆಸರು ಬರೆಯುವುದೇ ಕೆಲಸ. ಕಂಟೋನ್ಮೆಂಟಿನ ಎಷ್ಟೋ ಮಕ್ಕಳು ತಮ್ಮ ಹೆಸರನ್ನು ಮೊದಲು ತಿಂದದ್ದು ನಮ್ಮ ಮಾವನ ಕೈಬರಹದಲ್ಲಿ. ಹೋದ ವರ್ಷ ಅವರಿಗೆ ಸ್ಟ್ರೋಕ್ ಹೊಡೆಯಿತು. ಮಾತು ಉಳಿಯಿತು, ಕಾಲು ಹೇಗೋ ಚೇತರಿಸಿಕೊಂಡಿತು, ಬಲಗೈ ಮಾತ್ರ ತೊಡೆಯ ಮೇಲೆ ಕೂತುಬಿಟ್ಟಿತು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: "ಕೈಯಲ್ಲಿ ಶಕ್ತಿ ವಾಪಸ್ ಬರ್ತಾ ಇದೆ. ಆದ್ರೆ ಇವರು ಉಪಯೋಗಿಸ್ಬೇಕು. ಹೀಗೇ ಬಿಟ್ರೆ ಬಂದಿರೋದೂ ಹೋಗುತ್ತೆ."

ಮಾವ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಸರತ್ತು ಹೇಳಿಕೊಡುವ ಹುಡುಗಿ ಹಿಚುಕಲು ಒಂದು ಹಳದಿ ರಬ್ಬರ್ ಚೆಂಡು ಕೊಟ್ಟಳು. "ಏನಮ್ಮಾ, ನಾನೇನು ನಾಯಿನಾ?" ಅಂತ ಎಡಗೈಯಲ್ಲಿ ಎತ್ತಿ ಪಕ್ಕದ ಕಾಂಪೌಂಡಿಗೆ ಎಸೆದರು. ಪಕ್ಕದ ಮನೆಯ ನಾಯಿ ಅದನ್ನು ಬಹಳ ಶ್ರದ್ಧೆಯಿಂದ ಉಪಯೋಗಿಸಿತು. ಅದರ ದವಡೆ ಈಗಲೂ ಗಟ್ಟಿಯಾಗಿದೆ!

ಆಗಲೇ ಅತ್ತೆ ಮೊಬೈಲಿನಲ್ಲಿ ಉಕ್ರೇನಿನ ಅಜ್ಜಿಯೊಬ್ಬಳು ಮೊಟ್ಟೆಯ ಮೇಲೆ ಮೇಣದಿಂದ ಚಿತ್ರ ಬರೆಯುವುದನ್ನು ನೋಡಿದ್ದು. ನೋಡಿದವರೇ ನನಗೆ ಫೋನು ಮಾಡಿದರು. "ಬೇಗ ಬಾರೇ, ರಸೆಲ್ ಮಾರ್ಕೆಟ್‌ಗೆ ಹೋಗ್ಬೇಕು. ನಿಮ್ಮ ಮಾವನ ಕೈಗೆ ಕೆಲಸ ಸಿಕ್ತು!" ಮಹದೇವಪುರದಿಂದ ಟ್ರಾಫಿಕ್ ದಾಟಿಕೊಂಡು ನಾನು ಬರುವಷ್ಟರಲ್ಲಿ ಅವರು ಮೊಬೈಲಿನಲ್ಲಿ ಪೋಲೆಂಡ್, ರೊಮೇನಿಯಾ ಎರಡನ್ನೂ ನೋಡಿ ಮುಗಿಸಿ ಕೂತಿದ್ದರು.

ಮಾರ್ಕೆಟ್ಟಿನ ಮೊಟ್ಟೆ ಅಂಗಡಿಯ ಸಾಹೇಬರಿಗೆ ಇಂಥ ಗಿರಾಕಿ ಹಿಂದೆ ಸಿಕ್ಕಿರಲಾರರು.

"ಬಣ್ಣ ಚೆನ್ನಾಗಿ ಹಿಡಿಯೋ ಮೊಟ್ಟೆ ಕೊಡಿ," ಅಂದರು ಅತ್ತೆ, ಮೂಗಿಗೆ ಸೆರಗು ಹಿಡಿದುಕೊಂಡು.

"ಎಲ್ಲಾ ಫ್ರೆಶ್ ಮಾಲು ಅಮ್ಮಾ. ಆಮ್ಲೆಟ್‌ಗಾ, ಕೇಕ್‌ಗಾ?"

"ಛೀ ಛೀ! ನಾವು ತಿನ್ನಲ್ಲ."

"ತಿನ್ನಲ್ವಾ? ಮತ್ತೆ ಇಷ್ಟೊಂದು ಏನ್ ಮಾಡ್ತೀರಾ?"

"ಉಕ್ರೇನ್ ಮಾಡ್ತೀವಿ."

ಸಾಹೇಬರು ಒಮ್ಮೆ ಅತ್ತೆಯನ್ನೂ ಒಮ್ಮೆ ನನ್ನನ್ನೂ ನೋಡಿದರು. "ಹುಷಾರಾಗಿ ಕರ್ಕೊಂಡ್ ಹೋಗಮ್ಮಾ," ಅಂತ ನನಗೆ ಮೆಲ್ಲಗೆ ಹೇಳಿದರು. ಮೊಟ್ಟೆಯ ಬಗ್ಗೆ ಹೇಳಿದರೋ ಅತ್ತೆಯ ಬಗ್ಗೆಯೋ ಕೇಳಲು ಹೋಗಲಿಲ್ಲ.

ಉಕ್ರೇನು ವರಾಂಡದಲ್ಲಿ ಶುರುವಾಯಿತು. ಅತ್ತೆ ಮೇಣದ ಬತ್ತಿ ಹಚ್ಚಿ, ಒಂದು ಗುಂಡುಸೂಜಿಯನ್ನು ಪೆನ್ಸಿಲ್ಲಿಗೆ ಸಿಕ್ಕಿಸಿ ಮಾವನ ಬಲಗೈಗೆ ಕೊಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಕೈ ಬಿಟ್ಟ ತಕ್ಷಣ ಪೆನ್ಸಿಲ್ ಕೆಳಗೆ ಬಿತ್ತು.

"ನಾನು ಸಕ್ಕರೆ ಮೇಲೆ ಬರೀತಿದ್ದೋನು ಕಣೇ. ಮೊಟ್ಟೆ ಸಿಪ್ಪೆ ಕೆಲಸ ಕೋಳಿದು," ಅಂದರು ಮಾವ.

"ಒಂದು ಗೆರೆ ಎಳೀರಿ ಸಾಕು."

"ಆ ಕೈ ಹೋಯ್ತು ಬಿಡೇ. ಇಲ್ದಿರೋದನ್ನ ಎಷ್ಟು ಸಲ ಕರೀತೀಯಾ?"

ಅತ್ತೆ ಬಿಡುವವರೇ? ತಾವೇ ಕೂತು ಅಷ್ಟೂ ಮೊಟ್ಟೆಗೆ ಬರೆದರು. ಬರೆದದ್ದು ಏನು ಅಂದರೆ, ತಮಗೆ ಬರುವುದು ಒಂದೇ, ಚುಕ್ಕಿ ರಂಗೋಲಿ! ಉಕ್ರೇನಿನವರು ಕಂಡಿದ್ದರೆ ಆ ವರ್ಷ ಸಂಕ್ರಾಂತಿಯನ್ನೂ ಮಾಡಿಬಿಡುತ್ತಿದ್ದರು.

ಮುಂದಿನ ವಾರ ಜರ್ಮನಿ. ಜರ್ಮನಿಯವರು ಮೊಟ್ಟೆಗೆ ತೂತು ಮಾಡಿ, ಒಳಗಿನದನ್ನು ಊದಿ ತೆಗೆದು, ಬರೀ ಚಿಪ್ಪನ್ನು ಮರಕ್ಕೆ ಕಟ್ಟುತ್ತಾರಂತೆ. ಇಲ್ಲಿ ಊದುವವರು ಯಾರು? ಅತ್ತೆ ಬಾಯಿ ಹಚ್ಚುವುದಿಲ್ಲ. ಮಾವ "ಒಂದ್ ಕೈಯಲ್ಲಿ ಹೆಂಗೇ ಊದ್ಲಿ?" ಅಂತ ಮುಖ ತಿರುಗಿಸಿದರು. ನಾನು ತಕ್ಷಣ ಆಫೀಸಿನ ಮೀಟಿಂಗ್ ನೆನಪು ಮಾಡಿಕೊಂಡೆ. ಕೊನೆಗೆ ಅತ್ತೆ ಇಡೀ ಮೊಟ್ಟೆಗಳನ್ನೇ ಹಳೆಯ ಸೀರೆ ಚೂರಿನ ಜೋಳಿಗೆಯಲ್ಲಿ ಹಾಕಿ ಗೇಟಿನ ಪಕ್ಕದ ಸೀಬೆ ಮರಕ್ಕೆ ಕಟ್ಟಿದರು. ಕೊಂಬೆ ಎಟುಕುವಷ್ಟು ಕೆಳಗಿದೆ, ಮಾವ ಆಸೆಯಿಂದ ಕೈ ಚಾಚಿಯಾರು ಅಂತ ಅವರ ಲೆಕ್ಕ. ಮಾವ ಚಾಚಲಿಲ್ಲ. ಹಲಸೂರು ಕೆರೆಯ ತನಕ ಸುದ್ದಿ ಮುಟ್ಟಿ ಕಾಗೆಗಳು ಬಂದವು. ಊರ ಕ್ರೈಸ್ತರೆಲ್ಲ ಹಬ್ಬಕ್ಕೆ ಮುಂಚಿನ ಉಪವಾಸದಲ್ಲಿದ್ದಾಗ ಮರ್ಫಿ ಟೌನಿನ ಕಾಗೆಗಳು ಈಸ್ಟರ್ ಮುಗಿಸಿದ್ದವು.

ಇನ್ನು ಇಂಗ್ಲೆಂಡು, ಅಮೆರಿಕದ ಕಥೆ. ಅದನ್ನು ಹೇಳದೆ ಇದ್ದರೇ ಅತ್ತೆಗೆ ಕ್ಷೇಮ, ಆದರೂ ಹೇಳುತ್ತೇನೆ. ಅಲ್ಲಿ ದೊಡ್ಡವರು ಬಣ್ಣದ ಮೊಟ್ಟೆಗಳನ್ನು ಅಲ್ಲಲ್ಲಿ ಬಚ್ಚಿಡುತ್ತಾರೆ, ಮಕ್ಕಳು ಹುಡುಕುತ್ತಾರೆ. ಎಷ್ಟು ಚೆಂದದ ಆಟ! ಮಾವ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತು, "ಅಲ್ಲಿದೆ ನೋಡು" ಅಂತ ಮಕ್ಕಳಿಗೆ ಬಲಗೈಯಲ್ಲಿ ತೋರಿಸಬೇಕು ಎಂಬುದು ಯೋಜನೆ. ಈಸ್ಟರಿಗೆ ಇನ್ನೂ ಒಂದು ವಾರವಿತ್ತು. ಅತ್ತೆ ಮುಂಜಾನೆಯೇ ಎದ್ದು ಮೊಟ್ಟೆಗಳನ್ನು ಇಟ್ಟು ಬಂದರು. ಎಲ್ಲಿ? ಒಂದು ಮನೆಯ ಮೆಟ್ಟಿಲ ಕೆಳಗೆ, ಇನ್ನೊಂದು ಮನೆಯ ತುಳಸಿ ಕಟ್ಟೆಯ ಹಿಂದೆ, ಒಂದು ಆಟೋದ ಚಕ್ರದ ಬಳಿ, ಮತ್ತು ಮಕ್ಕಳಿಗೆ ಸುಲಭವಾಗಲಿ ಅಂತ ಎರಡನ್ನು ಮೂರು ದಾರಿ ಕೂಡುವ ಜಾಗದಲ್ಲಿ. ಬಣ್ಣ ಯಾವುದು ಅಂತ ಕೇಳಲಿಲ್ಲವಲ್ಲ ನೀವು? ಮನೆಯಲ್ಲಿದ್ದದ್ದೇ. ಅರಿಶಿನ ಮತ್ತು ಕುಂಕುಮ!

ಬೆಳಕು ಹರಿಯುವ ಹೊತ್ತಿಗೆ ಇಡೀ ಬೀದಿ ಗಡಗಡ ನಡುಗುತ್ತಿತ್ತು. ಮೂರು ದಾರಿ ಕೂಡುವಲ್ಲಿ ಅರಿಶಿನ ಕುಂಕುಮದ ಮೊಟ್ಟೆ! ಯಾರೋ ಮಾಟ ಮಾಡಿಸಿದ್ದಾರೆ! ಆಟೋದವನು ಗಾಡಿ ಹತ್ತಲು ಒಪ್ಪಲಿಲ್ಲ. ಒಬ್ಬಾಕೆ ಬಾಗಿಲಿಗೆ ಉಪ್ಪು ನೀರು ಚಿಮುಕಿಸಿದಳು, ಇನ್ನೊಬ್ಬಾಕೆ ನಿಂಬೆಹಣ್ಣು ಕುಯ್ದಳು. ತುಳಸಿ ಕಟ್ಟೆಯ ಮನೆಯವರು ಇದು ನಮ್ಮ ಓರಗಿತ್ತಿಯದೇ ಕೆಲಸ ಅಂತ ಫೋನಿನಲ್ಲಿ ಜಗಳ ಶುರು ಮಾಡಿದರು. ಯಾವ ಮಕ್ಕಳು ಆಡಬೇಕಿತ್ತೋ ಅವರನ್ನೆಲ್ಲ ಒಳಗೆ ಕೂಡಿ ಚಿಲಕ ಹಾಕಿದ್ದಾಯಿತು. ಗಲಾಟೆ ಕೇಳಿ ಹೊರಗೆ ಬಂದ ನಮ್ಮ ಅತ್ತೆ ಅಂಥ ಹೊತ್ತಿನಲ್ಲಿ ಯಾರೂ ಆಡಬಾರದ ಮಾತನ್ನು ಆಡಿದರು.

"ಅಯ್ಯೋ, ಅದು ನಂದು ಕಣ್ರೀ! ನಾನೇ ಇಟ್ಟಿದ್ದು!"

ಬೀದಿಗೆ ಬೀದಿಯೇ ಅವರ ಕಡೆ ತಿರುಗಿತು. ಉಕ್ರೇನು, ಜರ್ಮನಿ ಅಂತ ಅತ್ತೆ ವಿವರಿಸುತ್ತ ಹೋದಷ್ಟೂ ಜನ ಹಿಂದೆ ಹಿಂದೆ ಸರಿಯುತ್ತಿದ್ದರು. ಮಂತ್ರ ಹೇಳುತ್ತಿದ್ದಾರೆ ಅಂದುಕೊಂಡರೋ ಏನೋ! ಕೊನೆಗೆ ಕಾಪಾಡಿದವರು ಮಾವ. ಗೇಟಿನ ಬಳಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೂಗಿದರು:

"ಅಯ್ಯೋ ಕಡವುಳೇ! ಇವಳಿಗೆ ಮಾಟ ಬಂದಿದ್ರೆ ಮೊದಲು ನನ್ ಮೇಲೆ ಮಾಡ್ತಿದ್ಲು! ವರಾಂಡದ ಆಮ್ಲೆಟ್ ಎಂದೋ ನಿಲ್ಲಿಸ್ತಿದ್ಲು!"

ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆಟೋದವನೂ ನಕ್ಕ, ಆದರೆ ಗಾಡಿ ಮಾತ್ರ ಮಧ್ಯಾಹ್ನದವರೆಗೆ ಹತ್ತಲಿಲ್ಲ. ಇಷ್ಟೆಲ್ಲ ಆದರೂ ಮಾವನ ಬಲಗೈ ತೊಡೆಯ ಮೇಲೆಯೇ ಇತ್ತು.

ಅಂದು ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಮೇಲೆ ರೇಗಿಬಿಟ್ಟೆ. "ಸಾಕು ನಿಲ್ಸಿ ಅತ್ತೆ! ಮುಂದಿನ ಸಲ ಪೊಲೀಸರನ್ನೇ ಕರೀತಾರೆ." ಅವರು ಹುಳಿಗೆ ಒಗ್ಗರಣೆ ಹಾಕುತ್ತ ಬೆನ್ನು ತಿರುಗಿಸಿಯೇ ಹೇಳಿದರು: "ಅವರು ಆ ಕೈನ ಮರೀತಾ ಇದಾರೆ ಕಣೇ. ಮೊನ್ನೆ ಬಾಗಿಲಿಗೆ ಸಿಕ್ಕಿ ತರಚಿದ್ರೂ ನೋಡ್ಕೊಳ್ಳಲಿಲ್ಲ, ರಕ್ತ ಕಂಡು ನಾನೇ ಹೇಳ್ಬೇಕಾಯ್ತು. ಅವರು ಮರೆತ್ರೆ ಆ ಕೈ ಇನ್ಯಾರದು ಹೇಳು? ನಂಗೆ ಭಯ ಆಗುತ್ತೆ." ನಾನು ಕೊತ್ತಂಬರಿ ಸೊಪ್ಪು ಬಿಡಿಸಿ ಕೊಟ್ಟೆ.

ಹೀಗೆ ಈಸ್ಟರ್ ಭಾನುವಾರ ಬಂತು. ಈ ಸಲದ ದೇಶ ಗ್ರೀಸ್. ಅಲ್ಲಿ ಇಬ್ಬಿಬ್ಬರು ಒಂದೊಂದು ಕೆಂಪು ಮೊಟ್ಟೆ ಹಿಡಿದು ತುದಿಗೆ ತುದಿ ತಟ್ಟುತ್ತಾರೆ. ಯಾರ ಮೊಟ್ಟೆ ಒಡೆಯದೆ ಉಳಿಯಿತೋ ಅವರಿಗೆ ವರ್ಷವೆಲ್ಲ ಅದೃಷ್ಟ. ಮಾವ, ಊಟಕ್ಕೆ ಬಂದಿದ್ದ ಅವರ ತಮ್ಮ, ಅತ್ತೆ, ನಾನು, ನಾಲ್ವರೂ ವರಾಂಡದಲ್ಲಿ ಸೇರಿದೆವು. ಮಾವನ ಕುರ್ಚಿಯ ಬಲಕ್ಕೆ ಸ್ಟೂಲಿನ ಮೇಲೆ ಒಂದು ಬುಟ್ಟಿ ತುಂಬ ಮೊಟ್ಟೆ. ನಿಜಕ್ಕೂ ಕಣ್ಣು ಕುಕ್ಕುವ ಕೆಂಪು! ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಮಾಡಿದ್ದೆಂದು ಅತ್ತೆ ಹೆಮ್ಮೆಪಟ್ಟರು.

ನಾನು ಹಬ್ಬಕ್ಕೆಂದು ಉಟ್ಟಿದ್ದ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಮಾವನ ತಮ್ಮನ ಎದುರು ನಿಂತೆ. ಅವರು ತಟ್ಟಿದರು. ಟಪ್! ನನ್ನ ಮೊಟ್ಟೆ ಒಡೆದು ಲೋಳೆ, ಹಳದಿ ಎಲ್ಲ ಮೊಣಕೈಯಿಂದ ಸೀರೆಯ ಮೇಲೆ ಇಳಿಯಿತು.

"ಅತ್ತೆ! ಇವನ್ನ ಬೇಯಿಸ್ಲಿಲ್ವಾ?"

"ಇಲ್ಲಿನ ಸ್ಟೌ ನಿಮ್ಮ ಮಾವ ಹಚ್ಚದೆ ಕೆಟ್ಟು ಕೂತಿದೆ, ಮೊಟ್ಟೆ ಹೆಂಗೇ ಒಳಗೆ ತರ್ಲಿ? ಸಿಪ್ಪೆ ನೀರನ್ನ ಒಳಗೆ ಒಲೆ ಮೇಲೆ ಕುದಿಸ್ದೆ. ಆರಿದ ಮೇಲೆ ಇಲ್ಲಿ ತಂದು ಮೊಟ್ಟೆ ನೆನೆ ಹಾಕ್ದೆ!"

ನಾನು ಸೀರೆ ಕೊಡವುತ್ತ ಹಿಂದೆ ಹಾರಿದೆ. ಹಾರಿದ ರಭಸಕ್ಕೆ ಸೊಂಟ ಸ್ಟೂಲಿಗೆ ಬಡಿಯಿತು, ಬುಟ್ಟಿ ವಾಲಿತು, ಒಂದು ಮೊಟ್ಟೆ ಉರುಳಿ ಅಂಚಿನಿಂದ ಜಾರಿ ನೆಲಕ್ಕೆ ಬಿದ್ದು ಒಡೆಯಿತು.

ಯಾರೂ ಆ ಮೊಟ್ಟೆಯ ಕಡೆ ನೋಡಲಿಲ್ಲ. ಮಾವನ ಬಲಗೈ ಕುರ್ಚಿಯ ಪಕ್ಕಕ್ಕೆ ಚಾಚಿಕೊಂಡು, ಬೆರಳು ಬಿಡಿಸಿಕೊಂಡು, ಗಾಳಿಯಲ್ಲಿ ನಿಂತಿತ್ತು. ಬೀಳುವ ಮೊಟ್ಟೆಯನ್ನು ಹಿಡಿಯಲು ತಾನಾಗಿ ಹೋಗಿತ್ತು. ಯಾರೂ ಹೇಳಿರಲಿಲ್ಲ, ಯಾರೂ ಎತ್ತಿ ಇಟ್ಟಿರಲಿಲ್ಲ. ಮಾವ ಅದನ್ನು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದರು.

ಅತ್ತೆ ಬುಟ್ಟಿಗೆ ಬರಿಗೈ ಹಾಕಿ ಒಂದು ಮೊಟ್ಟೆ ತೆಗೆದರು. ಆ ಕೈಯ ಮುಂದೆ ಹಿಡಿದು ಬಿಟ್ಟುಬಿಟ್ಟರು! ಕೈ ಹೋಯಿತು, ಆದರೆ ತಡವಾಗಿ. ಮೊಟ್ಟೆ ಒಡೆಯಿತು. ಅತ್ತೆ ಇನ್ನೊಂದು ಬಿಟ್ಟರು. ಅದು ಬೆರಳಿಗೆ ತಗಲಿ ಒಡೆಯಿತು.

"ಏನೇ ಇದು, ತಲೆ ಕೆಟ್ಟಿದ್ಯಾ ನಿಂಗೆ?" ಅಂದರು ಮಾವ.

"ಹೂಂ, ಕೆಟ್ಟಿದೆ. ಹಿಡೀರಿ!"

ಮತ್ತೆ ಒಂದು, ಮತ್ತೆ ಒಂದು. ವರಾಂಡದ ತುಂಬ ಮೊಟ್ಟೆ. ನನ್ನ ಸೀರೆಯ ಯೋಚನೆ ನನಗೇ ಇರಲಿಲ್ಲ. ಮಾವನ ತಮ್ಮ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಒಂದು ಮೊಟ್ಟೆ ನೇರವಾಗಿ ಮಾವನ ಅಂಗೈಗೆ ಬಿತ್ತು. ಐದೂ ಬೆರಳು ಅದರ ಸುತ್ತ ಮಡಚಿಕೊಂಡವು. ಜೋರಾಗಿಯೇ ಮಡಚಿಕೊಂಡವು. ಸಿಪ್ಪೆ ಪುಡಿಯಾಗಿ ಹಳದಿ ಬೆರಳ ಸಂದಿಯಿಂದ ಸುರಿಯಿತು. ಅತ್ತೆ ನೆಲದ ಮೇಲೇ ಕುಸಿದು ಕೂತು ಆ ಅಂಟು ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದರು. "ತೊಳೀತೀನಿ ಇರಿ," ಅಂದರು, ಆದರೆ ಏಳಲು ಆಗಲಿಲ್ಲ.

ಮಾವನ ಕಣ್ಣಿನಲ್ಲೂ ನೀರು. ಆ ಕೈಯ ಬೆರಳುಗಳನ್ನು ಅವರು ಮೆಲ್ಲಗೆ ಬಿಡಿಸಿದರು, ಮತ್ತೆ ಮಡಚಿದರು, ಮತ್ತೆ ಬಿಡಿಸಿದರು.

"ಆಮೇಲೆ ತೊಳಿ ಕಣೇ," ಅಂದರು. "ಇನ್ನೊಂದು ಬಿಡು."