ಕತ್ತರಿಯ ಬಾಯಲ್ಲಿ ಒಳ್ಳೆಯ ಮಾತು

ಭಾನುವಾರ ಚರ್ಚಿನ ಪ್ರಸಂಗದಲ್ಲಿ ಪಾಸ್ಟರು ನಾಲಿಗೆಯ ವಿಷಯ ಎತ್ತಿದ್ದೇ ಎಲ್ಲಕ್ಕೂ ಮೂಲ. ಪ್ರೀತಿಯ ಬಗ್ಗೆಯೋ ತಾಳ್ಮೆಯ ಬಗ್ಗೆಯೋ ಮಾತಾಡಿದ್ದರೆ ಕಟಿಂಗ್ ಅಂಗಡಿಯ ಕತ್ತರಿ ಎಂದಿನಂತೆ ಕೊನೆಯ ಬೆಂಚಿನಲ್ಲಿ ಹಾಯಾಗಿ ಕೂತು ಎದ್ದು ಹೋಗುತ್ತಿದ್ದ. ಅವರೋ, ಬಾಯಿಂದ ಬಿದ್ದ ಒಂದೇ ಮಾತು ಮನೆ ಕಟ್ಟಲೂಬಹುದು, ಕೆಡವಲೂಬಹುದು ಎಂದರು. ಅಷ್ಟಕ್ಕೇ ಸುಮ್ಮನಾಗದೆ ನೆಟ್ಟಗೆ ಇವನ ಕಡೆಗೇ ನೋಡಿದರು. ಅರ್ಧ ಸಭೆ ಕತ್ತು ತಿರುಗಿಸಿ ನೋಡಿತು.

ಕತ್ತರಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವುದೇ ಹರಿತ ಎಂಬುದು ಅವರ ಅನುಭವ. ಅವನ ಕುರ್ಚಿಯಲ್ಲಿ ಕೂತವರು ಕೂದಲಿನ ಜೊತೆಗೆ ಮಾನವನ್ನೂ ಒಂದಿಷ್ಟು ನೆಲಕ್ಕೆ ಬಿಟ್ಟೇ ಏಳಬೇಕು. ಆದರೂ ಬರುತ್ತಿದ್ದರು, ಯಾಕೆಂದರೆ ಪಕ್ಕದವನ ಸರದಿ ನೋಡುವುದು ಎಲ್ಲರಿಗೂ ಖುಷಿ.

ಸಭೆ ತಿರುಗಿ ನೋಡಿದ್ದು ಅವನಿಗೆ ಏನೂ ಅನ್ನಿಸಲಿಲ್ಲ. ಎರಡು ಸಾಲು ಮುಂದೆ ಕೂತಿದ್ದ ಅಕ್ಕ ತಿರುಗಲಿಲ್ಲವಲ್ಲ, ಅದು ಚುಚ್ಚಿತು. ತಾಯಿ ಹೋದ ಮೇಲೆ ಅವನನ್ನು ಸಾಕಿ ಸಲಹಿದವಳು ಅವಳು. ಅಂಗಡಿಯಿಂದ ಮೂರನೇ ಮನೆಯಲ್ಲೇ ಇದ್ದಾಳೆ. ಹನ್ನೊಂದು ವರ್ಷದಿಂದ ಇವನೊಡನೆ ಮಾತಿಲ್ಲ. ಆ ವರ್ಷ ಸಭೆಯ ವಾರ್ಷಿಕೋತ್ಸವದಲ್ಲಿ ಅಕ್ಕ ಒಬ್ಬಳೇ ನಿಂತು ಸ್ತುತಿಗೀತೆ ಹಾಡಿದ್ದಳು. ಮುಗಿದ ಮೇಲೆ ಇವನು ಬಾಗಿಲ ಬಳಿ ಹತ್ತು ಜನರ ಮುಂದೆ, ಇವತ್ತು ಇಡೀ ಸಭೆ ಒಂದೇ ಮನಸ್ಸಿನಿಂದ ಪ್ರಾರ್ಥನೆ ಮಾಡಿತು, ಹಾಡು ಬೇಗ ಮುಗಿಯಲಿ ಅಂತ, ಎಂದುಬಿಟ್ಟ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವಾರದಿಂದಲೇ ಅಕ್ಕ ಬಾಯಿಗೆ ಬೀಗ ಹಾಕಿದಳು. ಹತ್ತು ಜನರ ನಗುವಿಗೆ ಒಬ್ಬಳೇ ಅಕ್ಕನನ್ನು ಕಳೆದುಕೊಂಡ ಬುದ್ಧಿವಂತ ತಾನು ಎಂದು ಕನ್ನಡಿ ನೋಡಿದಾಗಲೆಲ್ಲ ಅವನಿಗೆ ಅನ್ನಿಸುತ್ತಿತ್ತು. ಅವನ ಅಂಗಡಿಯಲ್ಲಿ ಕನ್ನಡಿಗಳೂ ಜಾಸ್ತಿ.

ರಾತ್ರಿಯೆಲ್ಲ ಹೊರಳಾಡಿ ಒಂದು ತೀರ್ಮಾನಕ್ಕೆ ಬಂದ. ಸೋಮವಾರ ಇಡೀ ದಿನ ಒಬ್ಬರಿಗೂ ನೋಯುವ ಮಾತು ಆಡಬಾರದು, ಬರೀ ಒಳ್ಳೆಯ ಮಾತು. ಸಂಜೆ ಅಕ್ಕನ ಬಾಗಿಲು ತಟ್ಟಿ ಕ್ಷಮೆ ಕೇಳಬೇಕು. ನೇರವಾಗಿ ಅಲ್ಲಿಗೇ ಹೋಗಬಹುದಿತ್ತು. ಆದರೆ ಒಂದು ದಿನವೂ ಅಭ್ಯಾಸವಿಲ್ಲದ ಈ ನಾಲಿಗೆಯನ್ನು ನಂಬಿಕೊಂಡು ಅಕ್ಕನ ಮುಂದೆ ನಿಲ್ಲುವಷ್ಟು ದಡ್ಡ ಅವನಲ್ಲ.

ಬೆಳಗ್ಗೆ ಮೊದಲು ಬಂದವರು ಸಭೆಯ ಹಿರಿಯರು. ತಲೆಯ ಮೇಲೆ ಹೆಚ್ಚೇನೂ ಇಲ್ಲದವರು. ಕತ್ತರಿ ಪ್ರತಿ ಸಲವೂ ಕೂದಲನ್ನು ಹುಡುಕುವಂತೆ ನಟಿಸುತ್ತಿದ್ದ. ಅದಕ್ಕೇ ಅವರು ಭುಜ ಬಿಗಿಮಾಡಿಕೊಂಡು ಕೂತರು. ಕತ್ತರಿಯ ಬಾಯ ತುದಿಗೆ ಬಂದದ್ದು ಬೇರೆಯೇ. ಅದನ್ನು ನುಂಗಿ, ಎರಡು ಸಲ ಕೆಮ್ಮಿ ಹೇಳಿದ, "ನಿಮ್ಮಂಥೋರು ಇರೋದ್ರಿಂದ ನಮ್ಮ ಸಭೆ ನಿಂತಿದೆ, ಹಿರಿಯರೇ."

ಹಿರಿಯರ ಮುಖ ಬಿಳಿಚಿಕೊಂಡಿತು. ಆ ಸಭೆಯಲ್ಲಿ ಇಂಥ ಮಾತು ಕೇಳಿಬರುತ್ತಿದ್ದುದು ಶವಪೆಟ್ಟಿಗೆಯ ಪಕ್ಕದಲ್ಲಿ ಮಾತ್ರ. ಪೆಟ್ಟಿಗೆಯಲ್ಲಿ ತಾವಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಅವರಿಗೆ ಉಳಿದದ್ದು ಒಂದೇ ಅನುಮಾನ, ಹಾಗಾದರೆ ಹೋಗುತ್ತಿರುವವನು ಇವನೇ. ಮೆಲ್ಲಗೆ, ನಿದ್ದೆ ಸರಿಯಾಗಿ ಬರುತ್ತಿದೆಯಾ ಎಂದು ಕೇಳಿದರು. ಕತ್ತರಿ ನಿಜವನ್ನೇ ಹೇಳಿದ, ರಾತ್ರಿ ಬರಲಿಲ್ಲ ಎಂದ. ಮತ್ತೆ ಗೊಣಗಿದಂತಾಯಿತೇನೋ ಎಂದು ಹೆದರಿ, ದೇವರು ನಡೆಸಿದ ಹಾಗೆ ಆಗಲಿ ಎಂದು ಸೇರಿಸಿದ.

ಹಿರಿಯರು ಅಲ್ಲಿಂದ ಸೀದಾ ಪಕ್ಕದ ದರ್ಜಿಯ ಅಂಗಡಿಗೆ ಹೋದರು. ಅಷ್ಟು ಹೊತ್ತಿಗಾಗಲೇ ದರ್ಜಿಯೂ ಬೆವರುತ್ತಿದ್ದ. ಕತ್ತರಿಯ ಅಂಗಡಿಯ ಕೂದಲು ಹಾರಿಬಂದು ತನ್ನ ಬಟ್ಟೆಗೆ ಅಂಟುತ್ತದೆ ಎಂದು ದಿನಾ ಜಗಳ ಕಾಯುವವನು ಅವನು. ಅವತ್ತು ಬಾಗಿಲು ತೆರೆಯುವ ಹೊತ್ತಿಗೇ ಕತ್ತರಿ ಎದುರು ನಿಂತು, ನಿನ್ನ ಹೊಲಿಗೆಗೆ ಈ ಊರಲ್ಲಿ ಸಾಟಿಯಿಲ್ಲ, ಇಷ್ಟು ದಿನ ಹೇಳದೇ ಇದ್ದದ್ದು ತಪ್ಪಾಯಿತು ಎಂದಿದ್ದ. ಶುಕ್ರವಾರ ಕತ್ತರಿ ಆಸ್ಪತ್ರೆಯಿಂದ ತಲೆ ತಗ್ಗಿಸಿಕೊಂಡು ಹೊರಬಂದದ್ದನ್ನು ದರ್ಜಿ ಕಣ್ಣಾರೆ ನೋಡಿದ್ದ. ಕಾಲು ಮುರಿದು ಮಲಗಿದ್ದ ಯಾರಿಗೋ ಗಡ್ಡ ಮಾಡಲು ಹೋಗಿದ್ದು ಅವನಿಗೇನು ಗೊತ್ತು? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಟ್ಟುಸಿರು ಬಿಟ್ಟರು. ಹೆಚ್ಚೆಂದರೆ ಒಂದು ತಿಂಗಳು ಎಂದು ದರ್ಜಿ ಅಂದಾಜು ಮಾಡಿದ.

ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಯಿತು, ಕತ್ತರಿಯೊಬ್ಬನನ್ನು ಬಿಟ್ಟು. ಅಂಗಡಿ ಜಾತ್ರೆಯಂತೆ ತುಂಬಿತು. ಬಂದವರು ಅವನ ಕೈ ಹಿಡಿದುಕೊಂಡರು, ಬೆನ್ನು ಸವರಿದರು. ವರ್ಷದ ಹಿಂದೆ ಒಯ್ದಿದ್ದ ಏಣಿಯನ್ನು ಎದುರು ಮನೆಯವನು ಒರೆಸಿ ತಂದಿಟ್ಟ. ಗಾಯನ ಮಂಡಳಿಯ ಮುಖ್ಯಸ್ಥೆ ಬಂದು, ನಿಮಗೆ ಯಾವ ಕೀರ್ತನೆ ಇಷ್ಟ ಎಂದು ಕೇಳಿ ಬರೆದುಕೊಂಡರು. ಮುಂದಿನ ಭಾನುವಾರ ನನಗಾಗಿ ಹಾಡುತ್ತೀರಾ ಎಂದು ಇವನು ಸಂಭ್ರಮದಿಂದ ಕೇಳಿದ. ಅಷ್ಟು ಬೇಗನಾ ಎಂದು ಆಯಮ್ಮ ಕಣ್ಣೊರೆಸಿಕೊಂಡರು.

ಕತ್ತರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾತಿಗೆ ಇಷ್ಟು ಶಕ್ತಿ ಇದೆಯೆಂದು ಮೊದಲೇ ಗೊತ್ತಿದ್ದರೆ ಮೂವತ್ತು ವರ್ಷ ಜನರನ್ನು ಗೋಳು ಹೊಯ್ದುಕೊಳ್ಳದೆ ರಾಜನ ಹಾಗೆ ಇರಬಹುದಿತ್ತಲ್ಲ, ಪೆದ್ದ, ಎಂದು ತನ್ನನ್ನೇ ಬೈದುಕೊಂಡ. ತನ್ನನ್ನು ಬೈದುಕೊಳ್ಳುವುದಕ್ಕೆ ಅವತ್ತು ಅಡ್ಡಿಯಿರಲಿಲ್ಲ.

ಅಷ್ಟರಲ್ಲಿ ದರ್ಜಿ ಟೇಪು ಹಿಡಿದು ಬಂದ. ನಿನಗೊಂದು ಕೋಟು ಹೊಲಿಯಬೇಕು ಅನ್ನಿಸಿದೆ, ನಾನೇ ಕೊಡ್ತಿರೋದು ಎಂದು ಭುಜ, ಎದೆ ಅಳೆದ. ಆಮೇಲೆ ಯಾಕೋ ತಲೆಯಿಂದ ಹಿಮ್ಮಡಿಯವರೆಗೂ ಅಳೆದ. ಕತ್ತರಿ ಹಿಗ್ಗಿ, ಒಳಗೊಂದು ಜೇಬು ಇಟ್ಟರೆ ಚೆನ್ನ ಎಂದ.

"ಜೇಬು ಯಾತಕ್ಕೆ ಬಿಡು," ಎಂದ ದರ್ಜಿ. ಮುಖ ತಿರುಗಿಸಿ ಟೇಪು ಸುತ್ತಿಕೊಂಡ.

ಕತ್ತರಿಗೆ ಆಗಲೂ ಹೊಳೆಯಲಿಲ್ಲ. ಹೊಳೆದದ್ದು ನಾಲ್ಕು ಗಂಟೆಗೆ ಪಾಸ್ಟರು ಬೈಬಲ್ ಹಿಡಿದು ಬಂದು, ಅಂಗಡಿಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ಮನಸ್ಸಿಗೆ ಸಮಾಧಾನ ಇದೆಯಾ, ಡಾಕ್ಟರು ಎಷ್ಟು ದಿನ ಅಂದರು ಎಂದು ಕೇಳಿದಾಗ. ನನಗೇನೂ ಕಾಯಿಲೆಯಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ, ಒಳ್ಳೆಯ ಮಾತಾಡಿ ಅಂತ ನೀವೇ ತಾನೇ ಹೇಳಿದ್ದು ಎಂದು ಹಲುಬಿದ. ಪಾಸ್ಟರು ಅವನ ತಲೆಯ ಮೇಲೆ ಕೈಯಿಟ್ಟು, ಇಂಥ ಧೈರ್ಯವನ್ನು ತಾವು ಎಲ್ಲೂ ಕಂಡಿಲ್ಲ ಎಂದರು. ಬೆಳಗಿನಿಂದ ಸಿಹಿಯಾಗಿ ಮಾತಾಡಿದವನ ಒಂದು ಮಾತನ್ನೂ ಈಗ ಯಾರೂ ನಂಬುವಂತಿರಲಿಲ್ಲ.

ಅವರು ಪ್ರಾರ್ಥನೆ ಮಾಡಿ ಹೋದರು. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

ಕತ್ತರಿಯ ಕೈಯಿಂದ ಬಾಚಣಿಗೆ ಕೆಳಗೆ ಬಿತ್ತು. ಅಕ್ಕ ಒಳಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಅವನ ಮುಖ ನೋಡುತ್ತಾ ಕೇಳಿದಳು, "ಏನಾಗಿದೆಯೋ ನಿಂಗೆ?"

ಹನ್ನೊಂದು ವರ್ಷಕ್ಕೆ ಮೊದಲ ಮಾತು. ಅವನ ಕಣ್ಣು ತುಂಬಿ ಬಂತು. ಸಾಯುತ್ತಿದ್ದೇನೆ ಅಂದುಬಿಟ್ಟರೆ ಈ ಅಕ್ಕ ಉಳಿಯುತ್ತಾಳೆ, ದಿನಾ ಬರುತ್ತಾಳೆ, ಗಂಜಿ ಕುಡಿಸುತ್ತಾಳೆ. ನಿಜ ಹೇಳಿದರೆ ಎದ್ದು ಹೋಗಬಹುದು. ಒಂದು ಗಳಿಗೆ ಅವನಿಗೆ ನಿಜವಾಗಿಯೂ ಒಂದು ಕಾಯಿಲೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆದರೆ ಸುಳ್ಳಿನಿಂದ ಕೊಂಡ ಅಕ್ಕನನ್ನು ಇಟ್ಟುಕೊಂಡು ಏನು ಮಾಡುವುದು?

"ಏನೂ ಆಗಿಲ್ಲ ಅಕ್ಕ. ಜನ ಸುಮ್ನೆ ಹಬ್ಬಿಸಿದಾರೆ," ಎಂದ. "ಸಂಜೆ ನಾನೇ ಬರೋನಿದ್ದೆ. ಅವತ್ತು ನಿನ್ನ ಹಾಡಿನ ಬಗ್ಗೆ ಹಾಗೆ ಅಂದಿದ್ದು ತಪ್ಪಾಯ್ತು. ಕ್ಷಮಿಸಿಬಿಡು."

"ಯಾವ ಹಾಡು?"

ಅವನು ತೊದಲುತ್ತಾ ಎಲ್ಲ ಹೇಳಿದ. ಅಕ್ಕ ಕೇಳಿಸಿಕೊಂಡು ತಲೆ ಕೊಡವಿದಳು.

"ಅದಾ? ಅದಕ್ಕೆ ನಂಗೂ ನಗು ಬಂದಿತ್ತು. ಅದಕ್ಕೆಲ್ಲಾ ಯಾರಾದ್ರೂ ಕೋಪ ಮಾಡ್ಕೋತಾರೇನೋ?"

"ಮತ್ತೆ ಇಷ್ಟು ವರ್ಷ ಯಾಕೆ ಮಾತಾಡ್ಲಿಲ್ಲ?"

"ಆ ವಾರ ಹಳೇ ಪಾಸ್ಟರು ಹೇಳಿದ್ರು, ಒಬ್ಬರ ವಿಷಯದಲ್ಲಿ ಒಳ್ಳೇ ಮಾತು ಸಿಗೋವರೆಗೂ ಅವರ ಹತ್ರ ಬಾಯಿ ಬಿಡಬೇಡಿ ಅಂತ. ಅದನ್ನೇ ನಡೆಸ್ಕೊಂಡು ಬಂದಿದೀನಿ."

ಕತ್ತರಿ ಪಕ್ಕದ ಸ್ಟೂಲು ಎಳೆದುಕೊಂಡು ಕೂತ. ಆಮೇಲೆ ಅವನಲ್ಲಿ ಒಂದು ಆಸೆ ಚಿಗುರಿತು. ಇವತ್ತು ಬಾಯಿ ಬಿಟ್ಟಿದ್ದಾಳೆ ಅಂದ ಮೇಲೆ ಏನೋ ಸಿಕ್ಕಿರಬೇಕಲ್ಲ. ಮೆಲ್ಲಗೆ ಅದನ್ನೇ ಕೇಳಿದ.

"ಸಾಯ್ತಿದಾನೆ ಅಂದ್ರು. ಒಡಹುಟ್ಟಿದೋನು, ಒಂದಾದ್ರೂ ಒಳ್ಳೇ ಮಾತು ಹೇಳಿ ಕಳಿಸೋಣ ಅಂತ ಮಧ್ಯಾಹ್ನದಿಂದ ಕೂತು ಯೋಚನೆ ಮಾಡ್ದೆ, ಹೊಳೀಲಿಲ್ಲ. ಮುಖ ನೋಡಿದ್ರಾದ್ರೂ ಸಿಗುತ್ತೇನೋ ಅಂತ ಬಂದೆ," ಎಂದಳು ಅಕ್ಕ. ಅವನನ್ನು ಅಡಿಯಿಂದ ಮುಡಿಯವರೆಗೆ ಇನ್ನೊಂದು ಸಲ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ಗಟ್ಟಿಯಾಗೇ ಇದೀಯಲ್ಲ. ಹಂಗಾದ್ರೆ ಅವಸರ ಏನಿಲ್ಲ ಬಿಡು," ಎಂದು ಬಾಗಿಲು ದಾಟಿ ಮನೆಗೆ ಹೋದಳು.