ನಡು ಹೊಳೆಯಲ್ಲಿ ನಿಲ್ಲಬಾರದ ಎಂಜಿನ್

ಎಂಜಿನ್ ಜೊತೆ ಬದುಕುವವನಿಗೆ ಫಜೀತಿ ತಪ್ಪಿದ್ದಲ್ಲ. ದೋಣಿಯ ಎಂಜಿನ್ ಆದರೆ ಓಡಿಹೋಗಲೂ ಜಾಗವಿಲ್ಲ. ಬ್ರಿಟಿಷರ ಕಾಲ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿದ್ದ ನನ್ನನ್ನು ತುಂಗಭದ್ರೆಯ ಸರ್ವೆ ದೋಣಿಗೆ ಮಿಸ್ತ್ರಿ ಮಾಡಿದರು. ಸರ್ವೆ ಸಾಹೇಬರು ಮೊದಲ ದಿನವೇ ಹೇಳಿಬಿಟ್ಟರು: "ನಡು ಹೊಳ್ಯಾಗ ಒಮ್ಮೆ ನಿಂತರೂ ಎಂಜಿನ್ ಮದ್ರಾಸಿಗೆ, ನೀ ಗಿರಣಿಗೆ." ನಾನೋ, ಸರ್ಕಾರಿ ನೌಕರಿ ಎಂದು ಹೇಳಿಯೇ ಆಗಷ್ಟೇ ಮದುವೆಯಾದವನು.

ಎಣ್ಣೆಯ ಬೆರಕೆ

ನಾನು ಪೆಟ್ರೋಲಿಗೆ ಎಣ್ಣೆ ಸುರಿಯುವುದನ್ನು ನಮ್ಮ ಮುದಿ ಅಂಬಿಗ ಕಂಡವನೇ ಸಾಹೇಬರ ಹತ್ತಿರ ಓಡಿದ. "ಹಾಲಿಗೆ ನೀರು ಬೆರಸಿದಂಗ ಬೆರಸಾಕತ್ತಾನ್ರೀ!"

ಸಾಹೇಬರ ಕಣ್ಣು ಕೆಂಪಾಯಿತು. ಕೈ ಮುಗಿದೆ. "ಇದರಾಗ ಎಣ್ಣಿ ಬ್ಯಾರೆ ಇಡಾಕ ಜಾಗ ಇಲ್ರೀ. ಪೆಟ್ರೋಲ್ ಜೋಡಿ ಹೋದ ಎಣ್ಣಿನ ಪಿಸ್ಟನ್ ಜಾರಿಸ್ತದ. ಬರೇ ಪೆಟ್ರೋಲ್ ಹಾಕಿದ್ರ ಕಚ್ಚಿಕೊಂಡು ನಿಂತುಬಿಡ್ತದ."

ಅಂಬಿಗ ತಲೆಯಾಡಿಸಿದ. "ಹಂಗನ್ರಿ ಮತ್ತ! ಉಪ್ಪಿನಕಾಯಿನೂ ಹಂಗ. ಎಣ್ಣಿ ಕಡಿಮಿ ಆದ್ರ ಕೆಡ್ತದ."

ಒಂದು ಕಾಲು ದಡದಲ್ಲಿ

ದೋಣಿಯ ಹಿಂದಿನ ಅಂಚಿಗೆ ಸಿಕ್ಕಿಸಿದ ಎಂಜಿನ್ ಅದು. ಬುಗುರಿಗೆ ಸುತ್ತಿದಂತೆ ಅದರ ನೆತ್ತಿಯ ಗಾಲಿಗೆ ಹಗ್ಗ ಸುತ್ತಿ ಎಳೆಯಬೇಕು. ಗೇರ್ ಇಲ್ಲ, ಎಂಜಿನ್ ಹತ್ತಿಕೊಂಡಿತೆಂದರೆ ನೀರೊಳಗಿನ ರೆಕ್ಕೆ ತಿರುಗಿತು, ದೋಣಿ ಹೊರಟಿತು. ಆ ದಿನ ಎಷ್ಟೆಳೆದರೂ ಉಸಿರಿಲ್ಲ. ಸಾಹೇಬರು ಹಲ್ಲು ಕಡಿಯುತ್ತಿದ್ದರು. ಅವರ ಊಟದ ಕ್ಯಾರಿಯರ್ ಹಿಡಿದ ಜವಾನ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟಾಗಲೇ ಅದಕ್ಕೆ ಜೀವ ಬಂತು. ಜವಾನ ಮುಳುಗಿದ, ಕ್ಯಾರಿಯರ್ ಹಿಡಿದ ಕೈ ಮಾತ್ರ ಮೇಲಿತ್ತು. ತಲೆ ಎತ್ತಿದವನೇ ಕೂಗಿದ: "ಪಲ್ಯ ತೊಯ್ದಿಲ್ರೀ ಸಾಹೇಬ್ರ!"

ಹರಿಗೋಲಿಗೆ ಎಂಜಿನ್

ಒಂದು ಬೆಳಿಗ್ಗೆ ಬಂಡೆ ತಗುಲಿ ದೋಣಿಯ ತಳ ಸೀಳಿತು. ಸಾಹೇಬರಿಗೆ ಆಚೆ ದಡಕ್ಕೆ ಹೋಗಲೇಬೇಕು. "ನನ್ನ ಹರಿಗೋಲಿಗೆ ಕಟ್ರಿ" ಎಂದ ಅಂಬಿಗ. ಅವನ ಅಜ್ಜನ ಕಾಲದಿಂದ ಹೊಳೆ ದಾಟಿಸಿದ್ದು ಅದೇ. ಅಂಚಿಗೆ ಹಲಗೆ ಬಿಗಿದು ಎಂಜಿನ್ ಕೂರಿಸಿ ಹಗ್ಗ ಎಳೆದೆ.

ಬುಟ್ಟಿಯಂಥ ಹರಿಗೋಲಿಗೆ ಹಿಂದೆ ಯಾವುದು, ಮುಂದೆ ಯಾವುದು? ಮುಂದಕ್ಕೆ ಹೋಗುವ ಬದಲು ಗಿರಗಿರನೆ ತಿರುಗತೊಡಗಿತು. ಸೆಳವು ಬಂಡೆಗಳ ಕಡೆಗೆ ಎಳೆಯುತ್ತಿತ್ತು. ಪೆಟ್ರೋಲಿನ ನಲ್ಲಿ ಮುಚ್ಚಿದೆ, ಆದರೂ ನಿಲ್ಲದು. ಒಳಗೆ ಉಳಿದಷ್ಟು ಪೆಟ್ರೋಲು ಸುಟ್ಟು ಮುಗಿಯಬೇಕಲ್ಲ! ಇಷ್ಟು ದಿನ ನಿಲ್ಲಬೇಡವೋ ಎಂದು ಬೇಡಿಕೊಂಡ ನಾನು ನಿಲ್ಲಪ್ಪಾ ಎಂದು ಅದರ ಕಾಲು ಹಿಡಿಯುವಂತಾಯಿತು. ಸಾಹೇಬರು ಕಣ್ಣು ಮುಚ್ಚಿ ನನ್ನ ಕುತ್ತಿಗೆ ತಬ್ಬಿದ್ದರು.

ಬಂಡೆ ಇನ್ನೇನು ತಗುಲಬೇಕು, ಎಂಜಿನ್ ಗೊರಗೊರ ಎಂದು ನಿಂತಿತು. ಅದೂ ನಡು ಹೊಳೆಯಲ್ಲಿ. ನನ್ನ ನೌಕರಿ ಹೋಯಿತು ಎಂದುಕೊಂಡೆ.

ಸಾಹೇಬರು ಕಣ್ಣು ಬಿಟ್ಟು ಎಂಜಿನ್ನಿಗೆ ಕೈ ಮುಗಿದರು. "ಸದ್ಯ, ನಿಂತೆಲ್ಲೋ ಮಾರಾಯ!" ನನ್ನ ಕಡೆ ತಿರುಗಿ, "ನಿನ್ನ ನೌಕರಿ ಕಾಯಂ" ಎಂದರು.

ಅಂಬಿಗ ಹುಟ್ಟು ಹಾಕಿ ಬಂಡೆ ತಪ್ಪಿಸಿ ದಡ ಮುಟ್ಟಿಸಿದ. ಸಾಹೇಬರು ಇಳಿದರೂ ಓಲಾಡುತ್ತಿದ್ದರು. ಅಂಬಿಗ ಅವರ ಟೋಪಿ ಎತ್ತಿಕೊಟ್ಟು ವಿನಯದಿಂದ ಹೇಳಿದ: "ನಾಕೂ ದಿಕ್ಕು ಒಮ್ಮೆಗೇ ಸುತ್ತಿದ್ರಿ. ಸರ್ವೆ ಮುಗೀತಲ್ರೀ?"