ಕಾರ್ಡಿಗೆ ಹೊಂದುವ ಮುಖ

ಎಲ್ಲದಕ್ಕೂ ಕಾರಣ ಅವನ ಕೈಗುಣ. ಅವನ ಫೋಟೋ ಸ್ಟುಡಿಯೋಗೆ ಯಾರೇ ಬಂದು ಕುಳಿತರೂ, ಇದ್ದ ಮುಖವನ್ನು ಇದ್ದ ಹಾಗೇ ಕಳಿಸಿಕೊಡುವುದು ಅವನಿಂದ ಆಗುತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಒಬ್ಬರ ಕಣ್ಣಡಿಯ ಕಪ್ಪು ಅಳಿಸುವನು, ಇನ್ನೊಬ್ಬರ ಜೋಲುಗದ್ದವನ್ನು ಎತ್ತಿ ಕಟ್ಟುವನು, ಮಚ್ಚೆಗಳನ್ನು ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ಬಿಸಾಡುವನು.

ಅಂಥವನಿಗೆ ಮಗಳ ಶಾಲೆಯ ಹೆಡ್‌ಮಿಸ್ ಒಂದು ಕೆಲಸ ಒಪ್ಪಿಸಿದರು. ಹೋದ ತಿಂಗಳು ಪಕ್ಕದ ಬಡಾವಣೆಯ ಶಾಲೆಯ ಮುಂದೆ ಯಾರೋ ‘ನಿಮ್ಮಪ್ಪನ ಸ್ನೇಹಿತ’ ಎಂದು ಹೇಳಿಕೊಂಡು ಒಂದು ಮಗುವಿನ ಕೈ ಹಿಡಿದಿದ್ದ. ಮಗು ಕಿರುಚಿಕೊಂಡಿದ್ದರಿಂದ ಉಳಿಯಿತು. ಅಂದಿನಿಂದ ಸುತ್ತಮುತ್ತಲ ತಂದೆತಾಯಂದಿರಿಗೆ ಸರಿಯಾಗಿ ನಿದ್ದೆಯಿಲ್ಲ. ಇನ್ನು ಮುಂದೆ ಫೋಟೋ ಇರುವ ಕಾರ್ಡು ತೋರಿಸಿದವರ ಜೊತೆಗೆ ಮಾತ್ರ ಮಗುವನ್ನು ಕಳಿಸುವುದು, ಒಂದು ಮಗುವಿಗೆ ಒಂದೇ ಕಾರ್ಡು ಎಂದು ತೀರ್ಮಾನವಾಯಿತು.

ಇನ್ನೂರ ನಲವತ್ತು ಕಾರ್ಡು. ಎರಡು ವಾರ ಕಣ್ಣು ಕೆಂಪಗೆ ಮಾಡಿಕೊಂಡು ಒಂದೊಂದನ್ನೂ ತಿದ್ದಿ ತೀಡಿ ಕೊಟ್ಟ. ಕೊನೆಗೆ ತನ್ನದಕ್ಕೆ ಬಂದಾಗ ಬೋಳು ನೆತ್ತಿಗೆ ಕೂದಲು ನೆಟ್ಟು, ಮೀಸೆಯ ನರೆ ಒರೆಸಿ, ಹತ್ತು ವರ್ಷ ಕೆಳಗಿಳಿದ.

ಆ ಕಾರ್ಡು ತನ್ನದೇ ಆಗಬೇಕೆಂದು ಹೆಂಡತಿಯ ಹತ್ತಿರ ಜಗಳವಾಡಿ ತೆಗೆದುಕೊಂಡಿದ್ದ. ಬೆಳಗ್ಗೆ ಮಗಳು ಏಳುವ ಮುಂಚೆ ಅಂಗಡಿ, ಅವಳು ಮಲಗಿದ ಮೇಲೆ ಮನೆ. ಶಾಲೆಯಿಂದ ಮನೆಗೆ ನಡೆದು ಬರುವ ಅರ್ಧ ಗಂಟೆಯಲ್ಲಷ್ಟೇ ಅವನು ಅಪ್ಪನಾಗಿರುತ್ತಿದ್ದ.

ಕಾರ್ಡು ಜಾರಿಗೆ ಬಂದ ಮೊದಲ ದಿನವೇ ಒಬ್ಬ ಗಿರಾಕಿ ಎದ್ದು ಹೋಗಲು ತಡಮಾಡಿದ. ಇವನು ಚಾರ್ಜಿಗೆ ಹಾಕಿದ್ದ ಫೋನನ್ನು ಅಲ್ಲೇ ಮರೆತು, ಷಟರ್ ಎಳೆದು ಓಡಿದ. ಶಾಲೆಯ ಗೇಟಿನ ಮುಂದಿನ ಸಾಲು ಆಗಲೇ ರಸ್ತೆಯ ತಿರುವು ದಾಟಿತ್ತು. ಹೊಸದಾಗಿ ಸೇರಿದ ಕಾವಲಿನ ಹೆಂಗಸು ಕಾರ್ಡು ನೋಡುವಳು, ಮುಖ ನೋಡುವಳು, ಮತ್ತೆ ಕಾರ್ಡು ನೋಡುವಳು, ದಡ್ಡನ ಉತ್ತರಪತ್ರಿಕೆಯಲ್ಲಿ ಅಂಕ ಹುಡುಕುವ ಮೇಷ್ಟರ ಹಾಗೆ.

“ಇದು ನೀವಾ?”

ಒಬ್ಬ ತಾಯಿ ಕನ್ನಡಕ ತೆಗೆದು, ಕೆನ್ನೆ ಒಳಗೆಳೆದುಕೊಂಡು ನಿಂತಳು. “ನಾನೇ. ರಾತ್ರಿ ನಿದ್ದೆ ಆಗಿಲ್ಲ, ಅದಕ್ಕೆ ಹೀಗೆ ಕಾಣ್ತಿದೀನಿ.”

ಫೋಟೋ ತಿದ್ದಿದ್ದು ಎಂಬ ಒಂದು ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ಒಬ್ಬೊಬ್ಬರಿಗೂ ಒಳಗೆ ಫೋನು ಹೋಗಬೇಕು, ಮಿಸ್ ಬಂದು ಗುರುತು ಹಿಡಿಯಬೇಕು, ಆಮೇಲೆ ಮಗು. ಅವನು ಕತ್ತು ತಗ್ಗಿಸಿಕೊಂಡು ಮುಂದೆ ಸರಿದ. ತನ್ನ ಸರದಿ ಬಂದಾಗ ಜೇಬು ತಡವಿದರೆ ಕಾರ್ಡೇ ಇಲ್ಲ.

ಮೊಮ್ಮಗನನ್ನು ಕರೆಯಲು ಬಂದಿದ್ದ ಪಕ್ಕದಂಗಡಿಯ ದರ್ಜಿ ಕರೆಯದಿದ್ದರೂ ನಡುವೆ ಬಂದು ಶಿಫಾರಸು ಮಾಡಿದ. ಇವರು ನಮ್ಮ ಫೋಟೋದವರು, ಹನ್ನೆರಡು ವರ್ಷದಿಂದ ಗೋಡೆಗೆ ಗೋಡೆ, ಈ ಕಾರ್ಡೆಲ್ಲ ಮಾಡಿದ್ದೇ ಇವರು ಎಂದ.

“ಕಾರ್ಡ್ ಮಾಡಿದೋರೇ ಕಾರ್ಡ್ ತಂದಿಲ್ವಾ?” ಎನ್ನುತ್ತ ಅವಳು ಮಗುವಿನ ಹೆಸರು ಕೇಳಿ ಪುಸ್ತಕದ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. “ಈ ಮಗೂನ ಅವರಪ್ಪ ಆಗಲೇ ಕರ್ಕೊಂಡು ಹೋದ್ರಲ್ಲ.”

“ನಾನೇ ಅವರಪ್ಪ.”

“ಕಾರ್ಡ್ ತಂದಿದ್ರು. ಇವತ್ತು ಕಾರ್ಡಿಗೂ ಮುಖಕ್ಕೂ ಸರಿಹೋಗಿದ್ದು ಅವರೊಬ್ಬರದೇ. ತಲೆ ತುಂಬ ಕೂದಲು, ಕಪ್ಪು ಮೀಸೆ. ಅಚ್ಚು ಹೊಡೆದ ಹಾಗಿದ್ರು.”

ಅಂಥ ಮನುಷ್ಯ ಈ ಲೋಕದಲ್ಲೇ ಇರಲಿಲ್ಲ. ಅವನ ಒಂದೊಂದು ಕೂದಲನ್ನೂ ನೆಟ್ಟವನು ತಾನು. ತಾನು ಕುಳಿತು ಹುಟ್ಟಿಸಿದವನೇ ಎದ್ದು ನಡೆದು ಬಂದು ತನ್ನ ಮಗಳ ಕೈ ಹಿಡಿದುಕೊಂಡು ಹೋಗಿದ್ದ.

ಅವನು ಕೂಗಾಡಿದ. ಕಾವಲಿನವಳು ಅಂಗಿ ಹಿಡಿದಳು. ಸಾಲಿನಲ್ಲಿದ್ದ ತಾಯಂದಿರು ಚೀಲಗಳನ್ನು ಎದೆಗವಚಿಕೊಂಡರು. ದರ್ಜಿ ಎರಡು ಹೆಜ್ಜೆ ಹಿಂದೆ ಸರಿದು, “ಫೋಟೋದವ್ರು ಅಂತ ಗೊತ್ತು ಅಷ್ಟೇ, ಮನೆ ವಿಷಯ ನಂಗೇನೂ ಗೊತ್ತಿಲ್ಲಪ್ಪ” ಎಂದ.

ಅಂಗಿಯ ಎರಡು ಗುಂಡಿಗಳನ್ನು ಅವಳ ಕೈಯಲ್ಲೇ ಬಿಟ್ಟು ಅವನು ಕಿತ್ತುಕೊಂಡು ಓಡಿದ. ದಾರಿಯುದ್ದಕ್ಕೂ ಮಗುವಿನ ಕೈ ಹಿಡಿದು ಹೋಗುತ್ತಿದ್ದ ಪ್ರತಿಯೊಬ್ಬ ಗಂಡಸಿನ ಮುಖವನ್ನೂ ಬಗ್ಗಿ ನೋಡಿದ. ಅವರು ಮಕ್ಕಳನ್ನು ಇನ್ನೊಂದು ಬದಿಗೆ ಎಳೆದುಕೊಂಡರು.

ಮನೆಯ ಬಾಗಿಲು ತೆರೆದಿತ್ತು. ಮಗಳು ನೆಲದ ಮೇಲೆ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದಳು. ಪಕ್ಕದಲ್ಲಿ ಬಾಮೈದ, ಹೆಂಡತಿಯ ತಮ್ಮ, ಕಾರ್ಡಿನಿಂದ ಎದ್ದು ಬಂದವನಂತೆ ತಲೆ ತುಂಬ ಕೂದಲಿಟ್ಟುಕೊಂಡು ಕುಳಿತಿದ್ದ.

“ಕಾರ್ಡ್ ಮೇಜಿನ ಮೇಲೇ ಬಿಟ್ಟು ಹೋಗಿದ್ರಿ,” ಎಂದಳು ಹೆಂಡತಿ. “ನಾಲ್ಕು ಸಲ ಫೋನ್ ಮಾಡ್ದೆ, ಎತ್ತಲಿಲ್ಲ. ಇವನು ಬಂದಿದ್ದ, ಕೊಟ್ಟು ಕಳಿಸ್ದೆ. ಹೇಗೂ ಆ ಫೋಟೋದಲ್ಲಿ ನೀವು ನಿಮ್ಮ ಥರ ಇಲ್ಲ, ಇವನ ಥರ ಇದೀರಿ.”

“ಒಂದು ಮಾತೂ ಕೇಳಲಿಲ್ಲ ಭಾವ,” ಎಂದ ಬಾಮೈದ ಹೆಮ್ಮೆಯಿಂದ.

ಅವನು ಮಗಳನ್ನು ಅಪ್ಪಿಕೊಂಡ. ಬಾಳೆಹಣ್ಣು ನುಜ್ಜುಗುಜ್ಜಾಯಿತೆಂದು ಅವಳು ಗದರುವವರೆಗೂ ಬಿಡಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಕೇಳಿದ: “ಮರಿ, ಮಾಮ ಅಲ್ದೆ ಬೇರೆ ಯಾರಾದ್ರೂ ಆ ಕಾರ್ಡ್ ತಂದಿದ್ರೆ?”

“ಹೋಗ್ತಿದ್ದೆ. ಕಾರ್ಡ್ ಇದ್ದೋರ ಜೊತೆ ಹೋಗ್ಬೇಕು ಅಂತ ಮಿಸ್ ಹೇಳಿದಾರೆ.”

“ಗೊತ್ತಿಲ್ದೋರಾದ್ರೂ?”

ಅವಳು ಯೋಚಿಸಿದಳು. “ಕಾರ್ಡ್ ಇದ್ರೆ ಗೊತ್ತಿರೋರೇ ಅಲ್ವಾ ಅಪ್ಪ?”

ಅವನು ಹೆಂಡತಿಯ ಫೋನಿನಿಂದ ಹೆಡ್‌ಮಿಸ್‌ಗೆ ಕರೆ ಮಾಡಿದ. ಹೇಳಬೇಡಿ, ಇನ್ನೂರ ನಲವತ್ತು ಮನೆಯವರೂ ಬಂದು ನಿಮ್ಮ ಮೇಲೆ ಬೀಳ್ತಾರೆ ಎಂದು ಹೆಂಡತಿ ಪಿಸುಗುಟ್ಟಿ ಕೈಸನ್ನೆ ಮಾಡಿದರೂ ಕೇಳದೆ, ಅಳಿಸಿದ ಮಚ್ಚೆಗಳಿಂದ ಹಿಡಿದು ನೆಟ್ಟ ಕೂದಲಿನವರೆಗೆ, ಬಾಮೈದ ಆ ಕಾರ್ಡು ತೋರಿಸಿ ಮಗಳನ್ನು ಕರೆತಂದದ್ದನ್ನೂ ಸೇರಿಸಿ, ಎಲ್ಲ ಒಪ್ಪಿಕೊಂಡ.

ಹೆಡ್‌ಮಿಸ್ ತಾವೇ ಅವನಿಗೆ ಫೋನ್ ಮಾಡುವವರಿದ್ದರಂತೆ. ಗೇಟಿನಲ್ಲಿ ಯಾರೋ ಗಲಾಟೆ ಮಾಡಿ ಓಡಿಹೋಗಿದ್ದಾನೆ, ಕ್ಯಾಮೆರಾದಲ್ಲಿ ಸಿಕ್ಕಿದ್ದಾನೆ, ಎಚ್ಚರಿಕೆಗೆಂದು ಅವನ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಬೇಕಿತ್ತು ಎಂದರು.

“ಅದು ನಾನೇ ಮೇಡಂ.”

ಹೆಡ್‌ಮಿಸ್ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಆಮೇಲೆ ಒಂದೊಂದೇ ತೀರ್ಮಾನ ಬಂತು. ಎಲ್ಲ ಕಾರ್ಡೂ ಹೊಸದಾಗಿ ಆಗಬೇಕು, ಇದ್ದ ಮುಖ ಇದ್ದ ಹಾಗೆ. ಕಾರ್ಡಿದ್ದರೂ ಮಗು ‘ಇವರು ನನಗೆ ಗೊತ್ತು’ ಎಂದರೆ ಮಾತ್ರ ಗೇಟು ತೆರೆಯಬೇಕು. ಪೋಷಕರೆಲ್ಲ ಒಟ್ಟಿಗೆ ಸಿಗುವುದು ಶಾಲೆ ಬಿಡುವ ಹೊತ್ತಿಗೇ ಆದ್ದರಿಂದ, ದಿನಾ ಆ ಹೊತ್ತಿಗೆ ಅವನು ಕ್ಯಾಮೆರಾ ಹಿಡಿದು ಶಾಲೆಯ ಹಜಾರದಲ್ಲಿರಬೇಕು, ಕೊನೆಯ ಮುಖ ಮುಗಿಯುವ ತನಕ.

“ಹಾಗಾದ್ರೆ ಮಗಳನ್ನ ಮನೆಗೆ...” ಎಂದ ಅವನು.

“ನಿಮ್ಮ ಬಾಮೈದನನ್ನೇ ಕಳಿಸಿ,” ಎಂದರು ಹೆಡ್‌ಮಿಸ್. “ಮಗೂಗೂ ಅವರು ಗೊತ್ತು. ಇನ್ನೂರ ನಲವತ್ತು ಕಾರ್ಡಲ್ಲಿ ಸರಿಯಾಗಿರೋದೂ ಅದೊಂದೇ.”